ಮತ ಎಣಿಸುವ ಪದ್ಧತಿಗಳೂ ಅವನ್ನು ರೂಪಿಸಿದವರ ಹಿನ್ನೆಲೆಯೂ

ಮತದಾನ ಪದ್ಧತಿಗಳ ವಿಚಾರವನ್ನು ಗಣಿತದ ಶಾಖೆಯೆಂದೇ ನೋಡುವುದು ವಾಡಿಕೆ. ಆದರೆ ಅದಕ್ಕಾಗಿ ತಲೆಕೆಡಿಸಿಕೊಂಡವರಲ್ಲಿ ಧರ್ಮಗುರುಗಳು, ನೌಕಾಪಡೆಯ ಅಧಿಕಾರಿ, ವಕೀಲರು, ಕಾದಂಬರಿಕಾರ್ತಿ ಎಲ್ಲರೂ ಇದ್ದಾರೆ. ಈ ವೈವಿಧ್ಯ ಆಕಸ್ಮಿಕವಲ್ಲ ಎಂಬುದು ನನ್ನ ವಾದ. ಪ್ರತಿಯೊಬ್ಬರೂ ಕಣ್ಣೆದುರಿನ ಒಂದು ಆಯ್ಕೆಯ ಇಕ್ಕಟ್ಟಿನಿಂದ ಹೊರಟರು. ಮತವೆಂದರೇನು ಎಂಬ ಅವರ ಕಲ್ಪನೆ ಅಲ್ಲಿಂದ ಮೂಡಿತು, ಲೆಕ್ಕಾಚಾರ ಅದರ ಹಿಂದೆ ಬಂತು. ನೌಕಾಪಡೆಯ ಬೋರ್ಡಾ 1770ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದೆ ಮಂಡಿಸಿದ ಪದ್ಧತಿಯಲ್ಲಿ ಮತವೆಂದರೆ ಯೋಗ್ಯತೆಗೆ ಕೊಡುವ ಅಂಕ. ಫ್ರಾನ್ಸಿನ ಗಣಿತಜ್ಞ ಕಾಂಡೋರ್ಸೆಗೆ ನ್ಯಾಯಮಂಡಳಿಯ ತೀರ್ಪೇ ಮಾದರಿ. ಮತವನ್ನು ಸತ್ಯದ ಬಗೆಗಿನ ಅಭಿಪ್ರಾಯವೆಂದು ಬಗೆದು, 1785ರ ಗ್ರಂಥದಲ್ಲಿ ಅಭ್ಯರ್ಥಿಗಳನ್ನು ಇಬ್ಬಿಬ್ಬರನ್ನಾಗಿ ಹೋಲಿಸಿದ. ಇಂಗ್ಲೆಂಡಿನ ವಕೀಲ ಥಾಮಸ್ ಹೇರ್‌ನನ್ನು ಕಾಡಿದ್ದು ಇವೆರಡೂ ಅಲ್ಲ, ಸೋತವರ ಪಾಲಿಗೆ ಬಿದ್ದ ಮತಗಳು ವ್ಯರ್ಥವಾಗುವ ಅನ್ಯಾಯ. ಅಂಥ ಮತಗಳನ್ನು ಮತದಾರನ ಮುಂದಿನ ಪ್ರಾಶಸ್ತ್ಯಕ್ಕೆ ವರ್ಗಾಯಿಸುವ ಪದ್ಧತಿಯ 1859ರ ಅವನ ಗ್ರಂಥವನ್ನು ದಕ್ಷಿಣ ಆಸ್ಟ್ರೇಲಿಯದಲ್ಲಿ ಜನರ ಬಳಿಗೆ ಒಯ್ದವಳು ಕಾದಂಬರಿಕಾರ್ತಿ ಕ್ಯಾಥರೀನ್ ಹೆಲೆನ್ ಸ್ಪೆನ್ಸ್. ನಮ್ಮ ರಾಜ್ಯಸಭಾ ಚುನಾವಣೆಯ ಪ್ರಾಶಸ್ತ್ಯ ಮತಗಳ ಎಣಿಕೆ ಈ ಪರಂಪರೆಯದೇ.

ಹಿನ್ನೆಲೆಯೇ ಪದ್ಧತಿಯನ್ನು ನಿರ್ಧರಿಸುವುದಾದರೆ, ಒಂದೇ ಹಿನ್ನೆಲೆಯವರು ಬೇರೆ ಬೇರೆ ಪದ್ಧತಿ ಹಿಡಿದದ್ದೇಕೆ ಎಂದು ಕೇಳಬಹುದು. ಆಕ್ಷೇಪ ಗಟ್ಟಿಯಾದದ್ದು. ಮಯೋರ್ಕಾ ದ್ವೀಪದ ಧಾರ್ಮಿಕ ಚಿಂತಕ ರಾಮೊನ್ ಲಲ್ 1299ರಲ್ಲಿ ಇಬ್ಬಿಬ್ಬರ ಹೋಲಿಕೆಯ ಪದ್ಧತಿಯನ್ನು ವಿವರಿಸಿದ. ಮುಂದೆ ಕಾರ್ಡಿನಲ್ ಆದ ಕೂಸಾದ ನಿಕೊಲಾಸ್ ಆ ಬರಹವನ್ನು ಸ್ವಂತ ಕೈಯಿಂದ ನಕಲು ಮಾಡಿಕೊಂಡಿದ್ದ. ಆದರೂ 1430ರ ದಶಕದಲ್ಲಿ ಪವಿತ್ರ ರೋಮನ್ ಚಕ್ರವರ್ತಿಯ ಆಯ್ಕೆಗೆ ಅವನು ಸೂಚಿಸಿದ್ದು ಅಂಕ ಕೊಡುವ ಪದ್ಧತಿಯನ್ನು, ಅದೂ ಗುಪ್ತ ಮತದಾನದೊಂದಿಗೆ. ಲಲ್‌ನ ಎದುರಿಗಿದ್ದುದು ಮಠ ಮತ್ತು ಚರ್ಚಿನ ಆಯ್ಕೆ. ನಿಕೊಲಾಸನ ಎದುರಿಗಿದ್ದುದು ಒಳಒಪ್ಪಂದ ಮಾಡಿಕೊಳ್ಳಬಲ್ಲ ರಾಜರು. ಹಾಗಾಗಿ ಹಿನ್ನೆಲೆ ಎಂದಾಗ ವೃತ್ತಿಯನ್ನಲ್ಲ, ಎದುರಾದ ಸಂದರ್ಭವನ್ನು ಹಿಡಿಯಬೇಕು. ಲೂಯಿಸ್ ಕ್ಯಾರಲ್ ಎಂಬ ಹೆಸರಿನಲ್ಲಿ ಕಥೆ ಬರೆದ ಚಾರ್ಲ್ಸ್ ಡಾಜ್‌ಸನ್ ಇದಕ್ಕೆ ಅತ್ಯುತ್ತಮ ಸಾಕ್ಷಿ. ಆಕ್ಸ್‌ಫರ್ಡಿನ ತನ್ನ ಕಾಲೇಜಿನಲ್ಲಿ ನೇಮಕಾತಿ, ಗಂಟೆಗೋಪುರದ ವಿನ್ಯಾಸ ಮೊದಲಾದ ವಿವಾದಗಳೆದ್ದಾಗ 1873ರಿಂದ 1876ರ ನಡುವೆ ಮೂರು ಕಿರುಹೊತ್ತಗೆ ಬರೆದು ಇಬ್ಬಿಬ್ಬರ ಹೋಲಿಕೆಗೂ, ಸೋಲು-ಗೆಲುವು ಸುತ್ತು ಹೊಡೆಯುವ ಅದರ ತೊಡಕಿಗೂ ಬಂದು ಮುಟ್ಟಿದ. 1884ರಲ್ಲಿ ಸಂಸತ್ತಿನ ಬಗ್ಗೆ ಬರೆದಾಗ ಅದನ್ನು ಬದಿಗಿಟ್ಟು, ಗೆದ್ದವರ ಹೆಚ್ಚುವರಿ ಮತಗಳನ್ನು ಹಂಚುವ ಬೇರೆಯೇ ಪದ್ಧತಿ ಸೂಚಿಸಿದ. ವ್ಯಕ್ತಿ ಅವನೇ, ಗಣಿತವೂ ಅದೇ, ಬದಲಾದದ್ದು ಪ್ರಶ್ನೆ.

ಇನ್ನೊಂದು ಆಕ್ಷೇಪ ಪ್ರಮೇಯಗಳದು. ತತ್ವಶಾಸ್ತ್ರಜ್ಞ ಗಿಬರ್ಡ್ 1973ರಲ್ಲಿ, ಅರ್ಥಶಾಸ್ತ್ರಜ್ಞ ಸ್ಯಾಟರ್‌ತ್ವೇಟ್ 1975ರಲ್ಲಿ ಬೇರೆಬೇರೆಯಾಗಿ ಒಂದೇ ನಿರ್ಣಯಕ್ಕೆ ಬಂದರು: ಮೂರು ಅಥವಾ ಹೆಚ್ಚು ಆಯ್ಕೆಗಳಿದ್ದಲ್ಲಿ, ಸರ್ವಾಧಿಕಾರವಲ್ಲದ ಯಾವ ಪದ್ಧತಿಯಲ್ಲೂ ಮತದಾರ ಮನದಿಂಗಿತ ಮರೆಮಾಚಿ ಲಾಭ ಪಡೆಯುವ ಸಂದರ್ಭ ಇದ್ದೇ ಇರುತ್ತದೆ. ಸಾಧನೆ ಯಾರದಾದರೂ ಸತ್ಯ ಒಂದೇ, ನಿಜ. ಆದರೆ ಯಾವ ಬಗೆಯ ಮರೆಮಾಚುವಿಕೆಯನ್ನು ಎಷ್ಟರಮಟ್ಟಿಗೆ ಸಹಿಸಬಹುದೆಂಬುದನ್ನು ಪ್ರಮೇಯ ಹೇಳುವುದಿಲ್ಲ. ಅಕಾಡೆಮಿಯ ವಿದ್ವಾಂಸರಲ್ಲಿ ಅದು ಒಂದು ಪ್ರಮಾಣದ್ದು, ಕಿರೀಟಕ್ಕಾಗಿ ಚೌಕಾಸಿ ಮಾಡುವ ರಾಜರಲ್ಲಿ ಇನ್ನೊಂದು. ಪಕ್ಷದ ಆದೇಶ ಹೊತ್ತು ರಾಜ್ಯಸಭೆಗೆ ಮತ ಹಾಕುವ ಶಾಸಕರಲ್ಲಿ ಮತ್ತೊಂದು.