ಡಿಬಗರ್‌ಗೂ ಪರೀಕ್ಷೆ ಬೇಕು

ವಿದ್ಯುನ್ಮಂಡಲಕ್ಕೆ ಅಮ್ಮೀಟರನ್ನು ಸೇರಿಸಿದೊಡನೆ ಮಂಡಲದ ರೋಧ ಸ್ವಲ್ಪ ಹೆಚ್ಚುತ್ತದೆ. ಬಿಸಿನೀರಿನಲ್ಲಿ ಅದ್ದಿದ ಉಷ್ಣಮಾಪಕ ತಾನೂ ಸ್ವಲ್ಪ ಉಷ್ಣವನ್ನು ಹೀರಿಕೊಳ್ಳುತ್ತದೆ. ಅಳೆಯುವ ಉಪಕರಣವು ಅಳೆಯಲ್ಪಡುವ ವ್ಯವಸ್ಥೆಯನ್ನು ಕದಡುತ್ತದೆ ಎಂಬುದು ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸ ಸಂಗತಿಯಲ್ಲ. ತಂತ್ರಾಂಶದ ದೋಷಗಳನ್ನು ಹುಡುಕಲು ಬಳಸುವ ‘ಡಿಬಗರ್’ ಕೂಡ ಇಂಥದೇ ಒಂದು ಉಪಕರಣ. ಅದು ಎಲ್ಲಿ, ಹೇಗೆ ಕದಡುತ್ತದೆ ಎಂಬುದು ಪ್ರೊಸೆಸರ್‌ನ ಒಂದೊಂದು ಆದೇಶದ ಸ್ವಭಾವವನ್ನು ಅವಲಂಬಿಸಿದೆ. ಗಣಕವಿಜ್ಞಾನ ಈ ಪಾಠವನ್ನು ಕಲಿತ ಇತಿಹಾಸದ ಒಂದು ಮುಖ್ಯ ಅಧ್ಯಾಯ ನಮ್ಮ ಬೆಂಗಳೂರಿನಲ್ಲೇ ನಡೆದಿದೆ.

ಒಂದೊಂದೇ ಹೆಜ್ಜೆ

ಕೇಂಬ್ರಿಜ್ ವಿಶ್ವವಿದ್ಯಾಲಯದ ಎಡ್ಸ್ಯಾಕ್ ಗಣಕ 1949ರ ಮೇ ತಿಂಗಳಲ್ಲಿ ಕೆಲಸ ಆರಂಭಿಸಿತು. ಬರೆದ ಪ್ರೋಗ್ರಾಂಗಳಲ್ಲಿ ತಪ್ಪುಗಳು ಇದ್ದೇ ಇರುತ್ತವೆ ಎಂಬುದು ಬೇಗನೆ ತಿಳಿಯಿತು. ಅಲ್ಲಿದ್ದ ಸ್ಟ್ಯಾನ್ಲಿ ಗಿಲ್ 1951ರಲ್ಲಿ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಈ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಪರೀಕ್ಷೆಗೆ ಒಳಪಟ್ಟ ಪ್ರೋಗ್ರಾಂನ ಆದೇಶಗಳನ್ನು ಇನ್ನೊಂದು ಪ್ರೋಗ್ರಾಂನ ಮೇಲ್ವಿಚಾರಣೆಯಲ್ಲಿ ಒಂದೊಂದಾಗಿ ನಡೆಸುವ ಉಪಾಯ ಅದರಲ್ಲಿತ್ತು.

1978ರಲ್ಲಿ ಬಂದ ಇಂಟೆಲ್ 8086 ಪ್ರೊಸೆಸರ್ ಈ ಉಪಾಯಕ್ಕೆ ಯಂತ್ರಾಂಶದಲ್ಲೇ ಸ್ಥಾನ ನೀಡಿತು. ‘ಟ್ರ್ಯಾಪ್’ ಎಂಬ ಬಿಟ್ಟನ್ನು 1 ಮಾಡಿದರೆ ಪ್ರತಿ ಆದೇಶದ ನಂತರವೂ ಪ್ರೊಸೆಸರ್ ನಿಂತು ಡಿಬಗರ್‌ಗೆ ಸುದ್ದಿ ಕೊಡುತ್ತದೆ. ಬೇಕಾದ ಜಾಗದಲ್ಲಿ ಮಾತ್ರ ನಿಲ್ಲಿಸಲು ಒಂದೇ ಬೈಟ್ ಉದ್ದದ ವಿಶೇಷ ಆದೇಶವೂ ಇತ್ತು.

ಆದರೆ ಎಲ್ಲ ಆದೇಶಗಳೂ ಈ ನಿಯಮಕ್ಕೆ ಬದ್ಧವಾಗಿಲ್ಲ. ‘ಮೂವ್ ಎಸ್‌ಎಸ್’ ಮತ್ತು ‘ಪಾಪ್ ಎಸ್‌ಎಸ್’ ಆದೇಶಗಳನ್ನು ನೋಡಿ. 8086ರಲ್ಲಿ ಸ್ಟ್ಯಾಕ್‌ನ ವಿಳಾಸ ಎರಡು ರಿಜಿಸ್ಟರ್‌ಗಳಲ್ಲಿ ಹಂಚಿಹೋಗಿದೆ. ಒಂದನ್ನು ಬದಲಿಸಿ ಇನ್ನೊಂದನ್ನು ಬದಲಿಸುವ ಮುನ್ನ ಅಡಚಣೆ ಬಂದರೆ ಮಾಹಿತಿ ತಪ್ಪು ಸ್ಥಳಕ್ಕೆ ಬೀಳುತ್ತದೆ. ಆದ್ದರಿಂದ ಈ ಆದೇಶಗಳ ನಂತರ ಮುಂದಿನ ಆದೇಶ ಮುಗಿಯುವವರೆಗೆ ಪ್ರೊಸೆಸರ್ ಅಡಚಣೆಗಳನ್ನು ತಡೆಹಿಡಿಯುತ್ತದೆ. ಪರಿಣಾಮವಾಗಿ, ಒಂದು ಹೆಜ್ಜೆ ಇಡಿಸಿದರೆ ಎರಡು ಹೆಜ್ಜೆ ನಡೆದುಹೋಗುತ್ತದೆ! ‘ಪುಷ್ ಎಫ್’ ಎಂಬ ಆದೇಶದ ಕಥೆ ಇನ್ನೊಂದು ಬಗೆಯದು. ಅದು ಧ್ವಜ ಬಿಟ್‌ಗಳನ್ನೆಲ್ಲ ಸ್ಟ್ಯಾಕ್‌ಗೆ ನಕಲಿಸುವಾಗ ಟ್ರ್ಯಾಪ್ ಬಿಟ್ಟನ್ನೂ ನಕಲಿಸುತ್ತದೆ. ಅಂದರೆ ವೀಕ್ಷಕನ ಬೆರಳಚ್ಚು ಪ್ರೋಗ್ರಾಂನ ಮಾಹಿತಿಯೊಳಗೇ ಉಳಿಯುತ್ತದೆ.

ಬೆಂಗಳೂರಿನ ಕೊಡುಗೆ

ಓಡುತ್ತಿರುವ ಕಾರ್ಯಾಚರಣ ವ್ಯವಸ್ಥೆಯ ತಿರುಳನ್ನೇ ಪರೀಕ್ಷಿಸಬೇಕಾದರೆ ಸಮಸ್ಯೆ ಇನ್ನೂ ಜಟಿಲ. ಅದನ್ನು ನಿಲ್ಲಿಸಿದರೆ ಗಣಕವೇ ನಿಲ್ಲುತ್ತದೆ. ಇದಕ್ಕೆ ಪರಿಹಾರವಾಗಿ 2002ರ ಅಕ್ಟೋಬರ್‌ನಲ್ಲಿ ಐಬಿಎಂನ ಬೆಂಗಳೂರು ಕೇಂದ್ರದ ವಂಶಿಕೃಷ್ಣ ಲಿನಕ್ಸ್‌ಗಾಗಿ ‘ಕೆಪ್ರೋಬ್ಸ್’ ಎಂಬ ತಂತ್ರಾಂಶದ ಮೊದಲ ರೂಪ ರಚಿಸಿದರು. ಸುಪರ್ಣಾ ಭಟ್ಟಾಚಾರ್ಯ, ಪ್ರಸನ್ನ ಪಂಚಮುಖಿ, ಅನಂತ್ ಮಾವಿನಕಾಯನಹಳ್ಳಿ ಮೊದಲಾದವರು ಅದನ್ನು ಬೆಳೆಸಿದರು. 2004ರಲ್ಲಿ ಅದು ಲಿನಕ್ಸ್ 2.6.9ರ ಭಾಗವಾಯಿತು.

ಅದರ ತತ್ತ್ವವನ್ನು ಯಾದಗಿರಿ ಜಿಲ್ಲೆಯ ವಿದ್ಯಾರ್ಥಿಗಳಿಗೆ ಸುಲಭವಾಗಿ ವಿವರಿಸಬಹುದು. ಸುರಪುರ, ಶಹಾಪುರಗಳ ಹೊಲಗಳಿಗೆ ನೀರುಣಿಸುವ ನಾರಾಯಣಪುರ ಎಡದಂಡೆ ಕಾಲುವೆಯ ಒಂದು ತುಂಡನ್ನು ನೀರು ನಿಲ್ಲಿಸದೆ ಪರೀಕ್ಷಿಸಬೇಕಾಗಿದೆ ಎಂದುಕೊಳ್ಳಿ. ಆಗ ನೀರನ್ನು ಪಕ್ಕದ ತಾತ್ಕಾಲಿಕ ಕಾಲುವೆಗೆ ತಿರುಗಿಸಿ, ಮುಂದೆ ಮತ್ತೆ ಮೂಲ ಕಾಲುವೆಗೆ ಸೇರಿಸಬೇಕು. ಕೆಪ್ರೋಬ್ಸ್ ಕೂಡ ಮೂಲ ಆದೇಶದ ನಕಲನ್ನು ಬೇರೆ ಸ್ಥಳದಲ್ಲಿಟ್ಟು, ಮೂಲ ಸ್ಥಳದಲ್ಲಿ ತಡೆ ಆದೇಶ ಹಾಕುತ್ತದೆ. ಗಣಕ ಅಲ್ಲಿಗೆ ಬಂದಾಗ ವಿವರ ದಾಖಲಿಸಿ, ನಕಲನ್ನು ಒಂದು ಹೆಜ್ಜೆ ನಡೆಸಿ, ಮೂಲ ದಾರಿಗೆ ಮರಳಿಸುತ್ತದೆ.

ತೊಡಕು ಇರುವುದು ಸ್ಥಳ ಬದಲಾದುದರಲ್ಲಿ. ‘ಕಾಲ್’ ಆದೇಶ ಮರಳುವ ವಿಳಾಸವನ್ನು ಬರೆದಿಡುತ್ತದೆ. ನಕಲಿನಿಂದ ನಡೆಸಿದರೆ ಆ ವಿಳಾಸ ತಪ್ಪು, ಅದನ್ನು ತಿದ್ದಬೇಕು. ‘ಪುಷ್ ಎಫ್’ ಬಿಟ್ಟ ಬೆರಳಚ್ಚನ್ನು ಅಳಿಸಬೇಕು. 64 ಬಿಟ್‌ನ ಎಕ್ಸ್86 ಪ್ರೊಸೆಸರ್‌ಗಳಲ್ಲಿ ಕೆಲವು ಆದೇಶಗಳು ತಾವಿರುವ ಸ್ಥಳದಿಂದ ಇಷ್ಟು ದೂರ ಎಂದು ಮಾಹಿತಿಯನ್ನು ಹುಡುಕುತ್ತವೆ. ನಕಲಿನಲ್ಲಿ ಈ ದೂರವನ್ನು ಬದಲಿಸುವ ತಿದ್ದುಪಡಿಯನ್ನು 2005ರ ಮಾರ್ಚ್‌ನಲ್ಲಿ ರೋಲಂಡ್ ಮೆಕ್‌ಗ್ರಾ ಮಾಡಿದರು. ಇಟಾನಿಯಂ ಪ್ರೊಸೆಸರ್‌ನಲ್ಲಿ ತಲಾ 41 ಬಿಟ್‌ನ ಮೂರು ಆದೇಶಗಳು, 5 ಬಿಟ್‌ನ ಒಂದು ಸಂಕೇತ ಸೇರಿ 128 ಬಿಟ್‌ನ ಕಟ್ಟಾಗುತ್ತವೆ. ಅಲ್ಲಿ ವಿಧಾನವೇ ಬೇರೆಯಾಗಬೇಕಾಯಿತು. ಹೀಗೆ ಪ್ರತಿ ಪ್ರೊಸೆಸರ್‌ಗೂ ಪ್ರತ್ಯೇಕ ತಿದ್ದುಪಟ್ಟಿ! ಉಪಕರಣವನ್ನೇ ಪರೀಕ್ಷಿಸುವ ಒಂದು ಪುಟ್ಟ ಪ್ರೋಗ್ರಾಂ ಕೂಡ 2008ರಲ್ಲಿ ಐಬಿಎಂನಿಂದ ಲಿನಕ್ಸ್‌ಗೆ ಸೇರಿತು.

ನಲವತ್ತು ವರ್ಷಗಳ ನಂತರ

ಇವೆಲ್ಲ ಅಲ್ಪ ವಿವರಗಳೆಂದು ಕಡೆಗಣಿಸಬಹುದೆ? 2018ರ ಮೇ ತಿಂಗಳಲ್ಲಿ ನಿಕ್ ಪೀಟರ್ಸನ್ ಮತ್ತು ನೆಮಾಂಜ ಮುಲಾಸ್ಮಾಜಿಚ್ ಎಂಬ ಸಂಶೋಧಕರು ಉತ್ತರ ನೀಡಿದರು. 1978ರ ಅದೇ ಎಸ್‌ಎಸ್ ಆದೇಶದ ವಿಳಂಬವನ್ನು ವಿಂಡೋಸ್, ಲಿನಕ್ಸ್, ಮ್ಯಾಕ್ ವ್ಯವಸ್ಥೆಗಳ ರಚನಕಾರರು ಸರಿಯಾಗಿ ಪರಿಗಣಿಸಿರಲಿಲ್ಲ. ಡಿಬಗ್ ಅಡಚಣೆ ತಡವಾಗಿ, ವ್ಯವಸ್ಥೆಯ ತಿರುಳಿನೊಳಗೆ ಕಾಲಿಟ್ಟ ಕ್ಷಣದಲ್ಲಿ ಬರುವಂತೆ ಸಾಮಾನ್ಯ ಪ್ರೋಗ್ರಾಂ ಒಂದು ಮಾಡಬಹುದಿತ್ತು. ಇದರಿಂದ ಕೆಲವು ವ್ಯವಸ್ಥೆಗಳು ಕುಸಿಯುವ, ಕೆಲವು ಅನಧಿಕೃತರ ವಶವಾಗುವ ಅಪಾಯವಿತ್ತು. ತಯಾರಕರು ತುರ್ತು ತಿದ್ದುಪಡಿ ನೀಡಿದರು. ಅದೇ ವರ್ಷ ಕೆಪ್ರೋಬ್ಸ್ ಕೂಡ ಈ ಆದೇಶಗಳ ಮೇಲೆ ತಡೆ ಹಾಕುವುದನ್ನು ನಿಷೇಧಿಸಿತು.

ತರಗತಿಯಲ್ಲಿ ಮಾಡಿ ನೋಡಿ

ಇದಕ್ಕೆ ದುಬಾರಿ ಪ್ರಯೋಗಾಲಯ ಬೇಡ. ಇಂಟೆಲ್ ಅಥವಾ ಎಎಂಡಿ ಪ್ರೊಸೆಸರ್ ಇರುವ ಒಂದು ಸಾಧಾರಣ ಗಣಕ, ಉಚಿತವಾಗಿ ದೊರೆಯುವ ಲಿನಕ್ಸ್ ಮತ್ತು ಜಿಡಿಬಿ ಡಿಬಗರ್ ಸಾಕು. ಧ್ವಜಗಳನ್ನು ಸ್ಟ್ಯಾಕ್‌ಗೆ ಹಾಕಿ ಮರಳಿ ಒಂದು ರಿಜಿಸ್ಟರ್‌ಗೆ ತೆಗೆದು ತೋರಿಸುವ ಪುಟ್ಟ ಪ್ರೋಗ್ರಾಂ ಬರೆಯಿರಿ. ಮೊದಲು ಸ್ವತಂತ್ರವಾಗಿ ಓಡಿಸಿ. ಸೊನ್ನೆಯಿಂದ ಎಣಿಸಿದಾಗ ಸಿಗುವ 8ನೆಯ ಬಿಟ್ಟನ್ನು ಗಮನಿಸಿ. ನಂತರ ಡಿಬಗರ್‌ನಲ್ಲಿ ಒಂದೊಂದೇ ಆದೇಶವಾಗಿ ನಡೆಸಿ ಅದೇ ಬಿಟ್ಟನ್ನು ನೋಡಿ. ಬಿಟ್ 1 ಆಗಿದ್ದರೆ ಉಪಕರಣ ತನ್ನ ಗುರುತು ಬಿಟ್ಟಿದೆ. ಎರಡು ಸಲವೂ 0 ಇದ್ದರೆ ಯಾರೋ ಎಚ್ಚರಿಕೆಯಿಂದ ಅದನ್ನು ಅಳಿಸಿದ್ದಾರೆ. ಯಾವ ಉತ್ತರ ಬಂದರೂ ವಿದ್ಯಾರ್ಥಿ ಮುಖ್ಯವಾದುದನ್ನೇ ಕಲಿತಂತೆ. ವರ್ನಿಯರ್ ಮಾಪಕದ ಶೂನ್ಯದೋಷವನ್ನು ಮೊದಲು ನೋಡುವ ಅಭ್ಯಾಸ ಗಣಕದ ಮುಂದೆ ಕುಳಿತಾಗಲೂ ನಮ್ಮೊಡನಿರಲಿ.