ಮೊಬೈಲ್ ಆ್ಯಪ್: ನೇಟಿವ್, ವೆಬ್, ಹೈಬ್ರಿಡ್

ಮೊಬೈಲ್ ಆ್ಯಪ್ ಕಟ್ಟುವ ಮೂರು ವಿಧಾನಗಳು. ಆಂಡ್ರಾಯ್ಡ್‌ಗೆ ಕೋಟ್ಲಿನ್, ಐಫೋನ್‌ಗೆ ಸ್ವಿಫ್ಟ್ ಎಂಬಂತೆ ಆಯಾ ವ್ಯವಸ್ಥೆಗೆಂದೇ ಬರೆದದ್ದು ನೇಟಿವ್. ಬ್ರೌಸರಿನಲ್ಲಿ ತೆರೆದುಕೊಳ್ಳುವುದು ವೆಬ್. ವೆಬ್ ಪುಟವನ್ನೇ ಆ್ಯಪ್ ಕವಚದೊಳಗೆ ಕೂರಿಸಿದ್ದು ಹೈಬ್ರಿಡ್. ಅಪಾಚೆ ಕಾರ್ಡೊವಾ ಈ ಕೊನೆಯ ಬಗೆಯ ಹಳೆಯ ಸಾಧನ. ಆ್ಯಪ್ ಕಟ್ಟುವ ಇನ್ನೊಂದು ಸಾಧನವಾದ ಫ್ಲಟರನ್ನೂ ಹೈಬ್ರಿಡ್ ಎನ್ನುವವರಿದ್ದಾರೆ. ಅದು ಪರದೆಯನ್ನು ತಾನೇ ಚಿತ್ರಿಸುತ್ತದೆ, ವೆಬ್ ಪುಟ ಬಳಸುವುದಿಲ್ಲ; ಹಾಗಾಗಿ ಆ ವರ್ಗೀಕರಣ ಸಡಿಲವಾದದ್ದು.

ಆಯ್ಕೆಯ ಕಷ್ಟಕ್ಕೆ ಬೆಂಗಳೂರೇ ಸಾಕ್ಷಿ. ಇಲ್ಲಿನ ಆನ್‌ಲೈನ್ ಮಳಿಗೆ ಮಿಂತ್ರಾ 2015ರ ಮೇ ತಿಂಗಳಲ್ಲಿ ವೆಬ್‌ಸೈಟ್ ಮುಚ್ಚಿ ಆ್ಯಪ್ ಒಂದನ್ನೇ ಉಳಿಸಿಕೊಂಡಿತು. ಫ್ಲಿಪ್‌ಕಾರ್ಟ್ ಕೂಡ ಮೊಬೈಲ್ ವೆಬ್‌ಸೈಟನ್ನು ಬದಿಗಿಟ್ಟಿತ್ತು. ಆದರೆ ಫೋನಿನಲ್ಲಿ ಜಾಗವಿಲ್ಲದವರು, ನಿಧಾನ ನೆಟ್‌ವರ್ಕಿನವರು ಆ್ಯಪ್ ಇಳಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ. ಅದೇ ವರ್ಷದ ನವೆಂಬರಿನಲ್ಲಿ ಫ್ಲಿಪ್‌ಕಾರ್ಟ್ ಲೈಟ್ ಬಂತು: ಬ್ರೌಸರಿನಲ್ಲೇ ಓಡುವ, ಮುಖಪರದೆಗೆ ಸೇರಿಸಿಕೊಳ್ಳಬಹುದಾದ ಪ್ರೋಗ್ರೆಸಿವ್ ವೆಬ್ ಆ್ಯಪ್. ಮಿಂತ್ರಾ ವೆಬ್‌ಸೈಟ್ 2016ರ ಜೂನ್‌ನಲ್ಲಿ ಮರಳಿತು.

ಹೇಮಾವತಿ ಜಲಾಶಯವಿರುವ ಗೊರೂರಿನ ಸುತ್ತಲ ರೈತರಿಗೂ ಈ ವ್ಯತ್ಯಾಸ ತಟ್ಟುತ್ತದೆ. ವರ್ಷಕ್ಕೆ ನಾಲ್ಕಾರು ಸಲ ಪಹಣಿ ನೋಡಲು ವೆಬ್ ಪುಟ ಸಾಕು. ರಾಜ್ಯದಲ್ಲಿ 2020ರಿಂದ ರೈತರೇ ಮಾಡುವ ಬೆಳೆ ಸಮೀಕ್ಷೆಯದು ಬೇರೆ ಮಾತು: ಹೊಲದಲ್ಲೇ ನಿಂತು ಬೆಳೆಯ ಫೋಟೊ ತೆಗೆಯಬೇಕು, ಜಿಪಿಎಸ್ ಸ್ಥಳ ದಾಖಲಾಗಬೇಕು. ಕ್ಯಾಮೆರಾ, ಜಿಪಿಎಸ್ ಬ್ರೌಸರಿಗೂ ಸಿಗುತ್ತವೆ. ಆದರೆ ಸಿಗ್ನಲ್ ಇಲ್ಲದ ಕಡೆ ಮಾಹಿತಿ ಕೂಡಿಟ್ಟು ಆಮೇಲೆ ಕಳಿಸುವ ಕೆಲಸಕ್ಕೆ ಇನ್‌ಸ್ಟಾಲ್ ಮಾಡಿಕೊಂಡ ಆ್ಯಪೇ ಹೆಚ್ಚು ನಂಬಿಕೆಗೆ ಅರ್ಹ. ಅಂಥ ಅಗತ್ಯವಿಲ್ಲದ ಸಣ್ಣ ಸಹಕಾರ ಸಂಘ ಮೊದಲು ವೆಬ್ ಆ್ಯಪ್ ಮಾಡುವುದೇ ಸರಿ.