ಹೆಸರಿಗೆ ಮಾತ್ರ ಕ್ರೈಸ್ತರೇ? ದೊಡ್ಡಸ್ವಾಮಿ ಬರೆದಿಟ್ಟ ಲೆಕ್ಕ

ಬೆಂಗಳೂರಿನ ದೀಪಾಂಜಲಿ ನಗರದ ಪಕ್ಕದಲ್ಲೇ ಮೈಸೂರು ರಸ್ತೆ ಹಾದುಹೋಗುತ್ತದೆ. ನಮ್ಮ ಕಡೆಯಿಂದ ಬಸ್ಸಿನಲ್ಲಿ ಬಂದವರು ಈ ಆಸುಪಾಸಿನಲ್ಲಿ ಇಳಿದು ಮೆಟ್ರೊ ಹತ್ತುತ್ತಾರೆ. ಇದೇ ರಸ್ತೆಯಲ್ಲಿ ವಾಪಸ್ ಹೊರಟರೆ ರಾಮನಗರ, ಚನ್ನಪಟ್ಟಣ, ಮಂಡ್ಯ ದಾಟಿ ಶ್ರೀರಂಗಪಟ್ಟಣ. ಅಲ್ಲಿನ ಗಂಜಾಂನಲ್ಲಿ ಒಂದು ಹಳೆಯ ಚರ್ಚಿದೆ. ಅಬ್ಬೆ ದುಬಾಯ್ ಚರ್ಚ್ ಅಂತಲೇ ಅದಕ್ಕೆ ಹೆಸರು.

ಈ ದುಬಾಯ್ ಯಾರು? ಫ್ರಾನ್ಸ್ ದೇಶದ ಕ್ಯಾಥೊಲಿಕ್ ಪಾದ್ರಿ. 1792ರಲ್ಲಿ ಪುದುಚೇರಿ ಕಡೆಗೆ ಬಂದರು. 1799ರಲ್ಲಿ ಟಿಪ್ಪು ಸುಲ್ತಾನ್ ಸತ್ತು ಶ್ರೀರಂಗಪಟ್ಟಣ ಬ್ರಿಟಿಷರ ಕೈಸೇರಿದ ಮೇಲೆ, ಚದುರಿಹೋಗಿದ್ದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ನಮ್ಮವರಂತೆ ಬಟ್ಟೆ ಉಟ್ಟರು, ಪೇಟ ಸುತ್ತಿದರು, ಮಾಂಸ ಬಿಟ್ಟರು. ಜನ ಅವರನ್ನು 'ದೊಡ್ಡಸ್ವಾಮಿ' ಎಂದು ಕರೆದರು. ಸಿಡುಬು ತಡೆಯುವ ಲಸಿಕೆಯನ್ನು 1803–04ರಲ್ಲೇ ಈ ಸೀಮೆಯ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದವರು ಅವರು. ಬದುಕು ಕಳೆದುಕೊಂಡ ಕ್ರೈಸ್ತರಿಗೆ ಬೇಸಾಯದ ನೆಲೆ ಮಾಡಿಕೊಟ್ಟರು. ಹಾಸನದ ಹತ್ತಿರದ ಸಾತಳ್ಳಿ ಅವುಗಳಲ್ಲಿ ಮುಖ್ಯವಾದದ್ದು.

ಇಷ್ಟೆಲ್ಲ ಮಾಡಿದ ಮನುಷ್ಯ 1823ರಲ್ಲಿ ಲಂಡನ್ನಿನಲ್ಲಿ ಒಂದು ಪುಸ್ತಕ ಅಚ್ಚು ಹಾಕಿಸಿದರು. ಭಾರತದಲ್ಲಿ ಕ್ರೈಸ್ತ ಧರ್ಮದ ಸ್ಥಿತಿ ಹೇಗಿದೆ ಎಂದು ಬರೆದ ಪತ್ರಗಳು ಅವು. ಅದರ ಸಾರ ಓದಿದರೆ ಯಾರಿಗಾದರೂ ಚುರುಕ್ ಅನ್ನುತ್ತದೆ. ಕಾಲು ಶತಮಾನ ದುಡಿದರೂ ತಾನು ಕ್ರೈಸ್ತರನ್ನಾಗಿ ಮಾಡಿದ್ದು ಇನ್ನೂರು ಮುನ್ನೂರು ಜನರನ್ನು ಮಾತ್ರ ಎನ್ನುತ್ತಾರೆ. ಅವರಲ್ಲೂ ಹೆಚ್ಚಿನವರು ದಲಿತರು, ಭಿಕ್ಷೆಗಿಳಿದವರು. ಉಳಿದವರು ಜಾತಿಯಿಂದ ಹೊರಬಿದ್ದು, ಮದುವೆ ಸಂಬಂಧಕ್ಕೋ ಬೇರೆ ಅನುಕೂಲಕ್ಕೋ ಬಂದವರು. ಮನಸ್ಸಿಟ್ಟು ಬಂದವರು ಇಲ್ಲವೇ ಇಲ್ಲ ಎನ್ನುವಷ್ಟು ಕಹಿಯಾಗಿ ಬರೆದರು.

ಇನ್ನೊಂದು ಆರೋಪ ಇದಕ್ಕಿಂತ ದೊಡ್ಡದು. ಎರಡನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರು ಎಂಬ ಸಿಟ್ಟಿನಲ್ಲಿ ಟಿಪ್ಪು 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತರನ್ನು ಹಿಡಿಸಿ, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ತರಿಸಿದ. ದುಬಾಯ್ ಪ್ರಕಾರ ಅವರು 60 ಸಾವಿರ. ಬೇರೆಯವರ ಲೆಕ್ಕ ಇದಕ್ಕಿಂತ ಕಡಿಮೆ. ದಾರಿಯಲ್ಲೂ ಸೆರೆಯಲ್ಲೂ ಸತ್ತವರು ಬಹಳ. ಅನೇಕರನ್ನು ಬಲವಂತದಿಂದ ಮುಸ್ಲಿಮರನ್ನಾಗಿ ಮಾಡಿದರು, ಹುಡುಗರನ್ನು ಸೈನ್ಯಕ್ಕೆ ಸೇರಿಸಿದರು. ಇಷ್ಟು ಜನರಲ್ಲಿ ಒಬ್ಬರಾದರೂ ಎದ್ದುನಿಂತು 'ನನ್ನ ಧರ್ಮ ಬಿಡಲಾರೆ' ಎನ್ನಲಿಲ್ಲವಲ್ಲ, ಇದೆಂಥ ಭಕ್ತಿ ಎಂದು ದುಬಾಯ್ ನಾಚಿಕೆಪಟ್ಟು ಬರೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ಆ ಮಾತು ಬರೆದ ದುಬಾಯ್ ಆ 15 ವರ್ಷದ ಸೆರೆಯಲ್ಲಿ ಒಂದು ದಿನವೂ ಇರಲಿಲ್ಲ. ಅವರು ಬಂದದ್ದು ಎಲ್ಲ ಮುಗಿದ ಮೇಲೆ. ಕತ್ತಿಯ ಮುಂದೆ ಬಾಯಿ ಏನು ಹೇಳಿತು ಎಂಬುದನ್ನಷ್ಟೇ ಅವರು ಲೆಕ್ಕಕ್ಕೆ ಹಿಡಿದರು. ಕತ್ತಿ ಕೆಳಗಿಳಿದ ಮೇಲೆ ಏನಾಯಿತು? 1799ರ ನಂತರ ಬದುಕುಳಿದವರಲ್ಲಿ ಸಾವಿರಾರು ಜನ ತಾವಾಗಿಯೇ ಹಳೆಯ ಧರ್ಮಕ್ಕೆ ಮರಳಿದರು. ಅನೇಕರು ಘಟ್ಟ ಇಳಿದು ಊರಿಗೆ ಹೋದರು, ಕೆಡವಿದ್ದ ಚರ್ಚುಗಳನ್ನು ಮತ್ತೆ ಕಟ್ಟಿದರು. ಮಂಗಳೂರಿನ ಮಿಲಾಗ್ರಿಸ್ ಚರ್ಚು 1811ರಲ್ಲಿ ಮತ್ತೆ ಎದ್ದಿತು. ಹೀಗೆ ಮರಳಿದವರನ್ನು ಮೈಸೂರು ಸೀಮೆಯಲ್ಲಿ ಸೇರಿಸಿಕೊಂಡವರು ಇದೇ ದುಬಾಯ್! ಮನಸ್ಸಿನಲ್ಲಿ ಏನೂ ಇಲ್ಲದಿದ್ದರೆ 15 ವರ್ಷದ ಮೇಲೆ ಯಾಕೆ ಮರಳುತ್ತಿದ್ದರು?

ಬಡವರ ಮೇಲಿನ ಆರೋಪವೂ ಹಾಗೆಯೇ. ಜಾತಿಯಿಂದ ಹೊರಬಿದ್ದವನಿಗೆ ಹೆಣ್ಣು ಕೊಡುವವರಿಲ್ಲ, ಬಾವಿ ನೀರಿಲ್ಲ, ಸತ್ತರೆ ಹೊರುವವರಿಲ್ಲ. ಇಂಥವನು ಆಸರೆ ಹುಡುಕಿ ಬಂದರೆ ಅದರಲ್ಲಿ ಅವನ ಅಗತ್ಯವೂ ಇರುತ್ತದೆ, ನಂಬಿಕೆಯೂ ಇರಬಹುದು. ಎರಡನ್ನೂ ಬಿಡಿಸಿ ತೂಗುವ ತಕ್ಕಡಿ ಯಾರ ಹತ್ತಿರ ಇದೆ? ಅನುಕೂಲಸ್ಥರು ಪೂಜೆಗೆ ಕೂತಾಗ 'ಏನು ಲಾಭಕ್ಕೆ ಕೂತಿದ್ದೀರಿ' ಎಂದು ನಾವ್ಯಾರೂ ಕೇಳುವುದಿಲ್ಲ. ಬಡವರನ್ನು ಮಾತ್ರ ಕೇಳುತ್ತೇವೆ.

ಹಾಗಂತ ದುಬಾಯ್ ಕೇಳಿದ ಪ್ರಶ್ನೆಯೇ ತಪ್ಪು ಎನ್ನಲಾಗದು. ಬಾಯಲ್ಲಿ ಒಂದು, ನಡತೆಯಲ್ಲಿ ಇನ್ನೊಂದು ಇಟ್ಟುಕೊಂಡ ಭಕ್ತಿಯನ್ನು ನಮ್ಮ ವಚನಕಾರರೂ ಬಿಡದೆ ಹಿಡಿದು ಕೇಳಿದವರೇ. ಚರ್ಚಿಗೆ ಬಂದ ಮೇಲೂ ಜಾತಿ ಬಿಡದವರನ್ನು ಕಂಡು ಆ ಪಾದ್ರಿ ಬೇಸತ್ತಿದ್ದರು. ಅದು ಇಂದಿಗೂ ಮುಗಿದ ಮಾತಲ್ಲ. ಆದರೆ ಅವರ ಪುಸ್ತಕಕ್ಕೆ ಮರುವರ್ಷವೇ, 1824ರಲ್ಲಿ, ಜೇಮ್ಸ್ ಹಫ್ ಎಂಬ ಇಂಗ್ಲಿಷ್ ಪಾದ್ರಿ ಪುಸ್ತಕವನ್ನೇ ಬರೆದು ಉತ್ತರ ಕೊಟ್ಟರು. ದುಬಾಯ್ ಅಷ್ಟರಲ್ಲಿ ಇಲ್ಲಿಂದ ಹೊರಟುಹೋಗಿದ್ದರು. ಮತ್ತೆ ಬರಲಿಲ್ಲ. 1848ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಈ ವಾದದಲ್ಲಿ ಮಾತೇ ಆಡದವರು ಒಬ್ಬರಿದ್ದಾರೆ: 'ಹೆಸರಿಗೆ ಮಾತ್ರ' ಅನ್ನಿಸಿಕೊಂಡ ಆ ಜನ. ಅವರು ಪುಸ್ತಕ ಬರೆಯಲಿಲ್ಲ. ಸ್ವಾಮಿಗಳು ಕೈಬಿಟ್ಟು ಹೋದರೂ ಅವರು ಮಾತ್ರ ಹೋಗಲಿಲ್ಲ. ಎರಡು ಶತಮಾನ ಕಳೆದರೂ ಸಾತಳ್ಳಿಯಲ್ಲಿ ಇಂದಿಗೂ ಕ್ರೈಸ್ತರಿದ್ದಾರೆ, ಕನ್ನಡದಲ್ಲೇ ಪ್ರಾರ್ಥನೆ ಮಾಡುತ್ತಾರೆ.

ಮುಂದಿನ ಸಲ ನಿಮ್ಮೂರ ಕಟ್ಟೆಯ ಮೇಲೆ ಯಾರಾದರೂ 'ಅವರೆಲ್ಲ ಅಕ್ಕಿಗೆ ಸೇರಿದವರು ಬಿಡಿ' ಎಂದರೆ, ದೊಡ್ಡಸ್ವಾಮಿಯ ಲೆಕ್ಕವನ್ನೂ ಸಾತಳ್ಳಿಯನ್ನೂ ಒಟ್ಟಿಗೆ ನೆನಪಿಸಿ.